ನೀಲವ್ವನ ಅಂಗಡಿಗೆ ಜಪಾನಿನ ಸಿನಿಮಾ ಬಂದದ್ದು

ಇದನ್ನು ಸುಳ್ಳು ಅನ್ನುವವರು ನಮ್ಮೂರ ಹಳೇ ಬಸ್‌ಸ್ಟ್ಯಾಂಡಿಗೆ ಬಂದು ವಿಚಾರಿಸಲಿ. ಅಲ್ಲಿ ಇದಕ್ಕಿಂತ ದೊಡ್ಡ ಸುಳ್ಳು ಹೇಳುತ್ತಾರೆ.

ಆ ಬಸ್‌ಸ್ಟ್ಯಾಂಡಿನ ಮಗ್ಗುಲಲ್ಲಿ ನೀಲವ್ವ ಸಿನಿಮಾ ಡಿವಿಡಿ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದಳು. ಆಕೆಗೊಬ್ಬನೇ ಮಗ, ಅಡಿವೆಪ್ಪ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಕೇಳದ ಮಕ್ಕಳು ಊರ ತುಂಬ ಇದ್ದರು; ಹೇಳಿದ್ದನ್ನೇ ಮಾಡುವವನು ನೀಲವ್ವನ ಹೊಟ್ಟೆಯಲ್ಲೇ ಹುಟ್ಟಬೇಕೆ?

ಹೀಗಿರುವಾಗ ಹುಬ್ಬಳ್ಳಿಯ ವಿತರಕ ಉಪಾಧ್ಯೆ ಸಾಹುಕಾರರಿಂದ ಹೊಸ ಸಿನಿಮಾದ ಪೆಟ್ಟಿಗೆ ಬಂತು. ಜಪಾನಿನ ಬೊಂಬೆ ಸಿನಿಮಾ, ಅಂದರೆ ಕಾರ್ಟೂನು. ಅಲ್ಲಿಯ ಹುಡುಗರು ಆಡುವ, ಇಸ್ಪೀಟಿನಂಥ ಒಂದು ಎಲೆಯಾಟದಿಂದ ಹುಟ್ಟಿದ್ದಂತೆ. ಎಲೆ ಎಸೆದರೆ ಎಲೆಯೊಳಗಿನ ರಾಕ್ಷಸ ಎದ್ದು ಬಂದು ಎದುರಾಳಿಯ ರಾಕ್ಷಸನ ಜೊತೆ ಕುಸ್ತಿ ಬೀಳುತ್ತಾನೆ. ಇದು ಬಾಡಿಗೆಗಲ್ಲ, ಮಾರಾಟಕ್ಕೆ. ಸಾಹುಕಾರರು ಫೋನಿನಲ್ಲೇ ಖಡಕ್ಕಾಗಿ ಹೇಳಿದ್ದರು: ಈ ಬಿಡುಗಡೆ ನೆಟ್ಟಗಾದರೆ ತಾಲೂಕಿನ ಏಜೆನ್ಸಿ ನಿನಗೆ, ಕೆಟ್ಟರೆ ಎದುರಿನ ಮೊಬೈಲ್ ಅಂಗಡಿಯವನಿಗೆ. ಎದುರಿನವನೆಂದರೆ ನೀಲವ್ವನ ಸ್ವಂತ ಮೈದುನ. ಏಜೆನ್ಸಿ ಅವನ ಪಾಲಾದರೆ ತಾನು ಬಾಗಿಲು ಹಾಕುವುದೇ ಎಂದು ಆಕೆಗೆ ಗೊತ್ತಿತ್ತು.

ಅವತ್ತು ತಂಗಿಯ ಮನೆಯಲ್ಲಿ ತೊಟ್ಟಿಲ ಕಾರ್ಯ. ಪೆಟ್ಟಿಗೆಯನ್ನು ಅಂಗಡಿಯಲ್ಲಿ ಹೊಂದಿಸಿಡು ಎಂದು ಮಗನಿಗೆ ಹೇಳಿ ಹೋದಳು. ಬಾಡಿಗೆ ಅಂಗಡಿಯಲ್ಲಿ ಒಂದು ಪದ್ಧತಿ ಉಂಟಲ್ಲ? ಕಪಾಟಿನಲ್ಲಿ ಬರೀ ಡಬ್ಬಿ ಇಡುವುದು, ಡಿವಿಡಿ ತಟ್ಟೆಯನ್ನು ಒಳಗೆ ಡ್ರಾವರಿನಲ್ಲಿ ಬಚ್ಚಿಡುವುದು, ಯಾರೂ ಎತ್ತಿಕೊಂಡು ಹೋಗಬಾರದೆಂದು. ಹೊರಗಿನ ಡಬ್ಬಿ ಖಾಲಿ ಇರಬೇಕು ಎಂದು ಅವ್ವ ಸಾವಿರ ಸಲ ಹೇಳಿದ್ದಳು. ಅಡಿವೆಪ್ಪ ಒಂದೊಂದರ ಸೀಲು ಹರಿದು, ತಟ್ಟೆ ತೆಗೆದು ಡ್ರಾವರಿಗೆ ಹಾಕಿ, ಖಾಲಿ ಡಬ್ಬಿ ಜೋಡಿಸಿದ. ಕೊಳ್ಳಲು ಬಂದವರಿಗೆ ಅದನ್ನೇ ಕೊಟ್ಟ.

ನೀಲವ್ವ ತೊಟ್ಟಿಲ ಕಾರ್ಯದಿಂದ ಬರುವಷ್ಟರಲ್ಲಿ ಅಂಗಡಿ ಮುಂದೆ ಜಾತ್ರೆ. ಟೇಲರ್ ಖಾಜಾಸಾಬ ಖಾಲಿ ಡಬ್ಬಿಯನ್ನು ಆಕೆಯ ಮೂಗಿನ ಹತ್ತಿರ ಹಿಡಿದು, ಮೊಮ್ಮಕ್ಕಳು ಟಿವಿ ಮುಂದೆ ಚಾಪೆ ಹಾಸಿಕೊಂಡು ಕೂತಿವೆ, ಏನು ತೋರಿಸಲಿ, ಡಬ್ಬಿ ತೋರಿಸಲೇ ಎಂದು ಕೇಳಿದ. ನೀಲವ್ವನ ಮೈಯೆಲ್ಲ ಉರಿಯಿತು. ಎಲ್ಲರಿಗೂ ತಟ್ಟೆ ಹಾಕಿಕೊಟ್ಟು, ಕೈಮುಗಿದು ಕಳಿಸಿ, ಮಗನ ಕಡೆ ತಿರುಗಿದಳು.

"ಎಲೋ ಮೂಳ, ಯಾರ ಕೈಯಾಗ ಏನು ಕೊಡೋ ಮೊದಲೂ ಬಿಚ್ಚಿ ನೋಡಬೇಕು, ಒಳಗ ಏನೈತಿ ಅಂತ. ತಿಳೀತೇನು?"

"ತಿಳೀತವ್ವ."

ತಿಳಿದದ್ದು ಮರುದಿನ ಗೊತ್ತಾಯಿತು. ಸಿನಿಮಾದ ಜೊತೆ ಉಡುಗೊರೆ ಕೊಡಲು ಆಟದ ಎಲೆಗಳ ಪೊಟ್ಟಣಗಳು ಬಂದವು. ಬೆಳ್ಳಿ ಕಾಗದದ ಪೊಟ್ಟಣ, ಒಳಗೆ ಯಾವ ಎಲೆ ಇದೆಯೋ ಕೊಟ್ಟವನಿಗೂ ಗೊತ್ತಿಲ್ಲ, ಕೊಂಡವನಿಗೂ ಗೊತ್ತಿಲ್ಲ. ಮಜಾ ಇರುವುದೇ ಅದರಲ್ಲಿ. ನೀಲವ್ವ ನೀರು ಹಿಡಿದು ಬರುವುದರೊಳಗೆ ಅಡಿವೆಪ್ಪ ಎಲ್ಲ ಪೊಟ್ಟಣ ಬಿಚ್ಚಿ, ನೋಡಿ, ಎಲೆಗಳನ್ನು ಕಟ್ಟೆಯ ಮೇಲೆ ಹಪ್ಪಳದ ಹಾಗೆ ಹರವಿದ್ದ. ಊರ ಹುಡುಗರಿಗೆಲ್ಲ ಬೆಂಕಿ ಉಗುಳುವ ಹಾವೇ ಬೇಕು. ಹಾವು ಒಂದೇ, ಉಳಿದದ್ದೆಲ್ಲ ಬರೀ ಕಪ್ಪೆ. ಕಪ್ಪೆ ಯಾರಿಗೆ ಬೇಕು? ಹುಡುಗರ ಜಗಳ ತಾಯಂದಿರಿಗೆ ಹತ್ತಿತು, ತಾಯಂದಿರ ಜಗಳ ನೀಲವ್ವನಿಗೆ ಬಂತು. ಎದುರಿನ ಅಂಗಡಿಯಲ್ಲಿ ಮೈದುನ ಕುರ್ಚಿ ಹೊರಗೆ ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿ ನೋಡುತ್ತಿದ್ದ. ಹುಡುಗರ ಕೂಗಿಗಿಂತ ಆ ಕಾಲು ಆಕೆಯನ್ನು ಹೆಚ್ಚು ಉರಿಸಿತು.

"ಎಲೀನ ಯಾರಾರ ಹಿಂಗ ತೋರಸ್ತಾರೇನೋ? ಮಂದಿಗೆ ಬೆನ್ನು ಕಾಣಬೇಕು, ಮುಖ ಕಾಣಬಾರದು."

"ಹಂಗಾ ಮಾಡ್ತೀನವ್ವ."

ಈ ಗಲಾಟೆ ಹುಬ್ಬಳ್ಳಿಗೆ ಹೇಗೋ ಮುಟ್ಟಿತು. ಹೇಗೋ ಏನು, ಮೈದುನನ ಅಂಗಡಿಯಲ್ಲಿ ಫೋನಿಗೇನು ಬರವೇ? ಸಾಹುಕಾರರು ತಾವೇ ಬಂದರು. ನೀಲವ್ವ ಎದೆಗುಂದಲಿಲ್ಲ. ಸಂಜೆ ಅಂಗಡಿ ಕಟ್ಟೆಯ ಮೇಲೆ ಟಿವಿ ಇಟ್ಟು ಓಣಿಗೆಲ್ಲ ಸಿನಿಮಾದ ಮೊದಲ ಭಾಗ ತೋರಿಸುತ್ತೇನೆ, ರುಚಿ ಹತ್ತಿದವರು ಕೊಂಡೇ ಕೊಳ್ಳುತ್ತಾರೆ ಎಂದಳು. ಸಾಹುಕಾರರಿಗೆ ಉಪಾಯ ಹಿಡಿಸಿತು. ಚಾಪೆ ಬಿತ್ತು, ಓಣಿ ನೆರೆಯಿತು. ನೀಲವ್ವ ಅವರಿಗೆ ಚಹ ಮಾಡಲು ಒಳಗೆ ಹೋದಾಗ ಟಿವಿ ಇಡುವ ಕೆಲಸ ಮಗನ ಕೈಗೆ ಬಂತು.

ಚಹದ ಬಟ್ಟಲು ಹಿಡಿದು ಹೊರಗೆ ಬಂದು ನೋಡುತ್ತಾಳೆ: ಟಿವಿಯ ಮುಖ ಗೋಡೆಗೆ, ಬೆನ್ನು ಜನಕ್ಕೆ. ಒಳಗೆ ರಾಕ್ಷಸರು ಹೊಡೆದಾಡುವ ಸದ್ದು ಜೋರಾಗಿ ಬರುತ್ತಿದೆ. ಓಣಿಯೆಲ್ಲ ವೈರು ನೋಡುತ್ತ ಕೂತಿದೆ. ಖಾಜಾಸಾಬ ಮಾತ್ರ ಗಂಭೀರವಾಗಿ, ಕೆಂಪು ವೈರು ಗೆಲ್ಲುವ ಹಾಗೆ ಕಾಣುತ್ತದೆ ಎಂದ.

ಸಾಹುಕಾರರು ಚಹ ಮುಟ್ಟಲಿಲ್ಲ. ಉಳಿದ ಡಿವಿಡಿಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು, ಏಜೆನ್ಸಿ ಎದುರಿನವನಿಗೇ ಎಂದು ಸಾರಿ, ತಮ್ಮನ್ನು ಹೊಸ ಬಸ್‌ಸ್ಟ್ಯಾಂಡಿಗೆ ಬಿಡುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಅಡಿವೆಪ್ಪ ಸ್ಕೂಟರ್ ತಂದ. ನೀಲವ್ವ ಹಲ್ಲು ಕಡಿಯುತ್ತ ಅವನ ಕಿವಿ ಹಿಡಿದಳು.

"ಮುಖ ಮಂದಿ ಕಡೆ ಇರಬೇಕಲೋ. ಬೆನ್ನು ತೋರಿಸಿದ್ರ ಅವಮಾನ."

ಅಡಿವೆಪ್ಪನ ತೋಳು ಗಟ್ಟಿ. ಸಾಹುಕಾರರು ಬೇಡ ಅನ್ನುವುದರೊಳಗೆ ಅವರನ್ನು ಎತ್ತಿ, ಸ್ಕೂಟರಿನ ಮೇಲೆ ಹಿಂದುಮುಂದಾಗಿ ಕೂರಿಸಿ, ಗಾಡಿ ಬಿಟ್ಟೇಬಿಟ್ಟ. ನಮ್ಮ ಕಡೆ ಹಾಗೆ ಕೂರಿಸುವುದು ಯಾರನ್ನು? ಪಂಚರು ತೀರ್ಪು ಕೊಟ್ಟು ಕತ್ತೆ ಮೇಲೆ ಮೆರೆಸುವ ಕಳ್ಳರನ್ನು. ಬಜಾರೆಲ್ಲ ಎದ್ದು ನಿಂತು, ಇವ ಏನು ಕದ್ದನಂತೆ ಎಂದು ಕೇಳತೊಡಗಿತು. ಸಾಹುಕಾರರು ಒಂದು ಕೈಯಲ್ಲಿ ಹಿಂದಿನ ಸ್ಟೆಪ್ನಿ ಗಾಲಿ, ಇನ್ನೊಂದು ಕೈಯಲ್ಲಿ ಚೀಲ ಅಪ್ಪಿಕೊಂಡಿದ್ದರು.

ಬಜಾರಿನ ಸಂದಣಿಯಲ್ಲಿ ಸ್ಕೂಟರ್ ತೆವಳುತ್ತಿತ್ತು. ನೀಲವ್ವ ಸೆರಗು ಸಿಕ್ಕಿಸಿ ಹಿಂದೆ ಹೊರಟಳು. ಸಾಹುಕಾರರ ಮುಖ ಆಕೆಗೆ ನೇರ ಎದುರು. ತಿರುಗಿಸುವ ಹಾಗಿಲ್ಲ, ಇಳಿಯುವ ಹಾಗಿಲ್ಲ. ಇಷ್ಟು ದಿನ ನುಂಗಿದ ಸಿಟ್ಟನ್ನೆಲ್ಲ ಆಕೆ ಅವರ ಮುಖಕ್ಕೇ ಬಿಚ್ಚಿದಳು.

"ಸಾಹುಕಾರ್ರ, ಎದುರಿನಾಂವ ನಿಮ್ಮ ಕಡೆ ಒಂದು ಸಿನಿಮಾ ತಗೊಂಡು ಊರಿಗೆಲ್ಲ ಕಾಪಿ ಹೊಡದು ಹಂಚತಾನ. ಇಡೀ ಬಜಾರಕ್ಕ ಗೊತ್ತೈತಿ, ಕೇಳ್ರಿ ಇಲ್ಲೇ. ನನ್ನ ಅಂಗಡ್ಯಾಗ ಒಂದ ಒಂದು ಕಳ್ಳ ಕಾಪಿ ಸಿಕ್ಕೈತೇನ್ರಿ ಇಲ್ಲೀತನಕ? ನನ್ನ ಮಗ ಪೆದ್ದ ಅದಾನ. ಕಳ್ಳ ಅಲ್ಲ."

ಸಾಹುಕಾರರು ಬಜಾರಿನ ಕಡೆ ನೋಡಿದರು. ಮುಖ ಆ ಕಡೆಗೇ ಇತ್ತಲ್ಲ, ನೋಡದೆ ಏನು ಮಾಡಿಯಾರು? ಬಳೆಗಾರ ಹೌದೆಂದು ತಲೆಯಾಡಿಸಿದ, ಕಿರಾಣಿಯವನೂ ಆಡಿಸಿದ. ಹೊಸ ಬಸ್‌ಸ್ಟ್ಯಾಂಡ್ ಬರುವ ಹೊತ್ತಿಗೆ ಅವರ ಸಿಟ್ಟು ಇಳಿದಿತ್ತು, ಹಿಂದುಮುಂದಾಗಿ ಕೂತು ತಲೆ ತಿರುಗುತ್ತಿತ್ತು. ಚೀಲವನ್ನು ಆಕೆಯ ಕೈಗಿಟ್ಟು, ಏಜೆನ್ಸಿ ನಿನ್ನದೇ ತಾಯಿ, ಮೊದಲು ನನ್ನನ್ನು ಇಳಿಸು ಎಂದರು.

ನೀಲವ್ವ ಚೀಲವನ್ನು ಎದೆಗೊತ್ತಿಕೊಂಡಳು. ಸಂತೋಷದಲ್ಲಿ ಆಕೆಗೆ ಎಚ್ಚರ ತಪ್ಪಿತು. ಮಗನಿಗೆ ಮತ್ತೊಂದು ಮಾತು ಹೇಳಿಬಿಟ್ಟಳು.

"ಸಾಹುಕಾರ್ರನ್ನ ಮರ್ಯಾದಿಲೆ ಬಸ್ಸಿನಾಗ ಕುಂಡರಸೋ. ಹಿಂದ ಬ್ಯಾಡ. ಎಲ್ಲಾರಗಿಂತ ಮುಂದ ಕುಂಡರಸು."

ಕಣ್ಣು ಕತ್ತಲೆ ಬಂದ ಸಾಹುಕಾರರು ಅಡಿವೆಪ್ಪ ಹತ್ತಿಸಿದ ಕಡೆ ಹತ್ತಿದರು, ಕೂರಿಸಿದ ಕಡೆ ಕೂತರು, ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದುಕೊಂಡು ಕಣ್ಣು ಮುಚ್ಚಿದರು. ಹುಬ್ಬಳ್ಳಿಗೆ ಹೋಗುವ ಜನ ಬಸ್ಸಿನಲ್ಲಿ ತುಂಬಿತು. ಬೀಡಿ ಮುಗಿಸಿ ಬಂದ ಡ್ರೈವರು ಕೆಳಗೆ ನಿಂತು ತನ್ನ ಸೀಟನ್ನೂ, ಸ್ಟಿಯರಿಂಗು ತಬ್ಬಿ ಕೂತ ಸಾಹುಕಾರರನ್ನೂ ಬಾಯಿ ತೆರೆದು ನೋಡುತ್ತಿದ್ದ.

ಅಷ್ಟರಲ್ಲಿ ಹಿಂದಿನಿಂದ ಕಂಡಕ್ಟರು ಸೀಟಿ ಊದಿ, ರೈಟ್ ರೈಟ್ ಎಂದ.