ಬ್ಯಾರೆ ಆಂಪ್ಲಿಫೈಯರ್ ಬೇಕೇನ್ರಿ?

ಮಲಪ್ರಭೆಯ ದಂಡೆಯ ಮೇಲೊಂದು ಆಶ್ರಮ. ಹೋದ ಸಲ ಹೇಳುವಾಗ ಘಟಪ್ರಭೆ ಅಂದಿದ್ದೆ. ಹೊಳೆ ಯಾವುದಾದರೇನು, ಅಲ್ಲಿನ ಅಜ್ಜ ಮಾತ್ರ ಅದೇ ಅಜ್ಜ.

ಅಡವಯ್ಯಜ್ಜ ಹಾಡುಗಾರರು. ಗಂಟಲಿಗೆ ರೋಗ ತಗುಲಿತ್ತು. ದನಿ ಬಹಳ ದಿನ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿಬಿಟ್ಟಿದ್ದರು.

ಅವರ ಬಳಿ ಒಂದು ಹಾಡಿತ್ತು. ಬಾಯಿಂದ ಕಿವಿಗೆ ದಾಟುತ್ತ ಬಂದದ್ದು, ಯಾರೂ ಬರೆದಿಟ್ಟಿರಲಿಲ್ಲ. ಈಗ ಅದು ಅವರೊಬ್ಬರಿಗೇ ಗೊತ್ತು.

ಶಿಷ್ಯ ಮೌನೇಶನನ್ನು ಎದುರಿಗೆ ಕೂರಿಸಿಕೊಂಡು ಹಾಡಿದರು.

"ಇದನ್ನ ಕಿವಿಗೆ ಹಾಕ್ಕೋಪಾ," ಅಂದರು.

ಮೌನೇಶ ಅಕ್ಷರಶಃ ಹಾಗೇ ಮಾಡಿದ. ಹಾಡನ್ನು ಮೊಬೈಲಿನಲ್ಲಿ ಹಿಡಿದಿದ್ದ. ಮೊಬೈಲಿಗೆ ಬೆರಳುದ್ದದ ಡ್ಯಾಕ್ ಸಿಕ್ಕಿಸಿದ, ಡ್ಯಾಕಿಗೆ ತೆಂಗಿನ ಹೋಳಿನಂಥ ದೊಡ್ಡ ಹೆಡ್‌ಫೋನ್ ಚುಚ್ಚಿದ, ಎರಡೂ ಕಿವಿಗೆ ಹಾಕಿಕೊಂಡ.

ಅಜ್ಜನ ದನಿ ಸೊಳ್ಳೆಯಷ್ಟು ಕೇಳಿಸಿತು.

"ಅಜ್ಜಾರ, ಈ ಡ್ಯಾಕಿಗೆ ಬ್ಯಾರೆ ಆಂಪ್ಲಿಫೈಯರ್ ಬೇಕೇನ್ರಿ?"

"ಡ್ಯಾಕ್ ಅಂದ್ರ ಏನಪಾ?"

"ಮೊಬೈಲಿನಾಗಿನ ಅಂಕಿಗಳನ್ನ ದನಿ ಮಾಡತೈತ್ರಿ."

"ದನಿಯನ್ನ ಅಂಕಿ ಮಾಡಿದವರು ಯಾರು?"

"ಮೊಬೈಲ್ ರೀ."

"ಹೋಗ್ಲಿ ಬಿಡು. ದನಿ ದೊಡ್ಡದು ಮಾಡೋದು ಅದರಾಗ ಇಲ್ಲೇನು?"

"ಸಣ್ಣದೊಂದು ಐತ್ರಿ. ಸಣ್ಣ ಇಯರ್‌ಫೋನಿಗೆ ಅಷ್ಟ ಸಾಕು. ನನ್ನ ಹೆಡ್‌ಫೋನು ಮುನ್ನೂರು ಓಮ್ ರೀ."

"ಮುನ್ನೂರೇನೋ! ಮುಂಜಾನೆ ಒಂದ ಓಂ ಅನ್ನೂದ್ರಾಗ ನನಗ ದಮ್ಮು ಹತ್ತತೈತಿ."

"ಆ ಓಂ ಅಲ್ರಿ ಅಜ್ಜಾರ, ಇದು ಕರೆಂಟ್ ತಡಿಯೂ ಲೆಕ್ಕ. ದೊಡ್ಡ ಬಂಡಿಗೆ ಸಣ್ಣ ಎತ್ತು ಹೂಡಿದಂಗ ಆಗೈತಿ."

"ಹಂಗಾರ ಬೇಕು, ತರಿಸ್ಕೋ. ಅಲ್ಲೀತನಕ ಬಾ ಇಲ್ಲಿ, ಕುಂದ್ರು. ಇನ್ನೊಮ್ಮೆ ಹಾಡ್ತೀನಿ."

"ತಡೀರಿ, ಆಂಪ್ಲಿಫೈಯರ್ ಬರ್ಲಿ. ಆಮ್ಯಾಲೆ ಚಲೋತ್ನಾಗಿ ಕೇಳಿ ಕಲೀತೀನಿ."

ಅಜ್ಜ ದಿನಾ ಕರೆದರು. ಯಾವ ಆಂಪ್ಲಿಫೈಯರ್ ಒಳ್ಳೆಯದೆಂದು ಮೌನೇಶ ದಿನಾ ಹುಡುಕಿದ.

ಒಂದು ಮುಂಜಾನೆ ಕರೆಯಲಿಲ್ಲ. ತಾವೇ ಬಂದು ಅವನೆದುರು ಕೂತು ಹಾಡತೊಡಗಿದರು. ಹೆಡ್‌ಫೋನ್ ಹಾಕಿಕೊಂಡಿದ್ದ ಮೌನೇಶನಿಗೆ ತುಟಿ ಅಲುಗುವುದಷ್ಟೇ ಕಂಡಿತು. ಒಂದು ನಿಮಿಷ ಎಂಬಂತೆ ಕೈ ಎತ್ತಿದ.

ಅಜ್ಜ ನಿಲ್ಲಿಸಿದರು. ಆಮೇಲೆ ಅವರ ಗಂಟಲಿಂದ ಹಾಡು ಬರಲೇ ಇಲ್ಲ.

ಕೊನೆಗೂ ಆಂಪ್ಲಿಫೈಯರ್ ಬಂತು. ಮೌನೇಶ ಅದನ್ನು ಜೋಡಿಸಿ ಕೇಳಿದವನೇ, ಹೆಡ್‌ಫೋನ್ ಸಮೇತ ಅದನ್ನು ಹಿಡಿದುಕೊಂಡೇ ಅಜ್ಜನ ಹಾಸಿಗೆಯ ಬಳಿ ಓಡಿದ.

"ಬೇಕಾಗಿತ್ರಿ ಅಜ್ಜಾರ! ಏನು ದನಿ ಅಂತೀರಿ! ಕಾಗಿ ಕೂಗಿದ್ದು, ನೀವು ಉಗುಳು ನುಂಗಿದ್ದು, ಎಲ್ಲಾ ಕೇಳಸ್ತೈತಿ."

ಅಜ್ಜ ಕಣ್ಣಲ್ಲೇ 'ಹಾಡು?' ಎಂದು ಕೇಳಿದರು.

ಮೌನೇಶನ ಮಾತು ಸಣ್ಣದಾಯಿತು.

"ಕಡೀ ಸಾಲಿನ ಮ್ಯಾಲೆ ನನ್ನ ದನಿ ಕುಂತೈತ್ರಿ. ನೀವು ಹಾಡೂವಾಗ 'ಅಜ್ಜಾರ, ಒಂಚೂರು ಮೊಬೈಲ್ ಕಡೆ ತಿರುಗ್ರಿ' ಅಂದೀನಿ. ನಂದು ಗಟ್ಟಿ, ನಿಮ್ಮದು ಮೆಲ್ಲಗ. ಆಂಪ್ಲಿಫೈಯರ್ ಏರಿಸಿದಷ್ಟೂ ನಾನ ಕೇಳಸ್ತೀನಿ. ಆ ಒಂದು ಸಾಲು ಅಷ್ಟ ಹಾಡ್ರಿ. ಒಮ್ಮೆ ಸಾಕು."

ಅಜ್ಜನ ತುಟಿ ಅಲುಗಿತು. ಉಸಿರು ಬಂತು, ದನಿ ಬರಲಿಲ್ಲ.

"ಸ್ವಲ್ಪ ಜೋರಾಗಿ, ಅಜ್ಜಾರ."

ಅಜ್ಜ ಕೈ ಚಾಚಿ ಆಂಪ್ಲಿಫೈಯರ್ ಇಸಿದುಕೊಂಡರು. ಅದರ ವಾಯರನ್ನು ಬೆರಳಲ್ಲಿ ಹಿಡಿದು, ತುದಿಯನ್ನು ತಮ್ಮ ಗಂಟಲಿನ ಮೇಲೆ ಅಲ್ಲೊಮ್ಮೆ ಇಲ್ಲೊಮ್ಮೆ ಒತ್ತಿ ನೋಡಿಕೊಂಡರು.

ಮೌನೇಶ ಹೆಡ್‌ಫೋನ್ ಕಿತ್ತೆಸೆದು, ತನ್ನ ಕಿವಿಯನ್ನು ಅವರ ಬಾಯಿಯ ಹತ್ತಿರ ತಂದ.

"ಎಲ್ಲಿ ಚುಚ್ಚೂದೋ ಇದನ್ನ?" ಅಂದರು ಅಜ್ಜ, ಬರೀ ಉಸಿರಲ್ಲೇ.