ಹಾರ್ಮೋನಿಯಂಗೆ ಬಾರದ ನುಡಿ

ಮುದುಕಿ ಸಂಕವ್ವನ ದನಿ ಕೇಳಿದರೆ ಭಜನೆ ಮನೆಯ ಹಾರ್ಮೋನಿಯಂಗೆ ಮೈಯೆಲ್ಲ ಉರಿಯುತ್ತಿತ್ತು. "ಬರೀ ಅಪಸ್ವರ! ದೇವರ ಕಿವಿಯ ಗತಿಯೇನು?" ಎನ್ನುತ್ತ, ಅವಳು ಬಾಯಿ ತೆರೆದಾಗಲೆಲ್ಲ ಅಬ್ಬರಿಸಿ ಅವಳ ದನಿಯನ್ನು ಮುಚ್ಚಿಹಾಕುತ್ತಿತ್ತು. ನಾಲ್ಕು ವಾರ ಕಳೆಯುವಷ್ಟರಲ್ಲಿ ಸಂಕವ್ವ ಹಾಡುವುದನ್ನೇ ಬಿಟ್ಟಳು.

"ಈಗ ನೋಡು, ಭಜನೆ ಎಷ್ಟು ಚೊಕ್ಕ!" ಎಂದು ಅದು ತಂಬೂರಿಯ ಮುಂದೆ ಬೀಗಿತು.

"ಆರತಿಯ ಹೊತ್ತಿಗೆ ನೋಡೋಣ," ಎಂದಿತು ತಂಬೂರಿ.

ಕರ್ಪೂರ ಹೊತ್ತಿಸಿದರು. ಮಂಗಳಾರತಿಯ ಪಲ್ಲವಿ ಎಲ್ಲರಿಗೂ ಬರುತ್ತಿತ್ತು. ಮುಂದಿನ ನುಡಿಗಳು ಸಂಕವ್ವನೊಬ್ಬಳಿಗೇ ಬಾಯಿಪಾಠ. ಪಲ್ಲವಿ ಮುಗಿದು ಜನ ಅವಳತ್ತ ತಿರುಗಿದರು. ಅವಳು ಹಾರ್ಮೋನಿಯಂ ಕಡೆ ಅಂಜುತ್ತ ನೋಡಿ ತುಟಿ ಬಿಗಿದುಕೊಂಡಳು.

"ಹಾಗಾದರೆ ನೀನೇ ಹಾಡು," ಎಂದಿತು ತಂಬೂರಿ.

ಹಾರ್ಮೋನಿಯಂ ತನ್ನೊಳಗೆಲ್ಲ ತಡಕಾಡಿತು. ಸ್ವರಗಳು ಬೇಕಾದಷ್ಟಿದ್ದವು, ಒಂದು ನುಡಿಯೂ ಇರಲಿಲ್ಲ. ಕರ್ಪೂರ ಮೌನದಲ್ಲೇ ಉರಿದು ಆರಿತು.

"ಅವಳ ಮುಖ ನೋಡಲಾರೆ," ಎಂದಿತು ಹಾರ್ಮೋನಿಯಂ. "ಯಾರಾದರೂ ನನ್ನ ಮುಚ್ಚಳ ಹಾಕಿಬಿಡಿ."