ನಲವತ್ತು ದಿನದ ದಾರಿಗೆ ಕೇಳಿದ ಸುತ್ತಿಗೆ

“ಅಜ್ಜಾ, ದೇವರ ಹೆಸರೇ ಗೊತ್ತಿಲ್ಲದ ಪರದೇಶದ ಅರಸನನ್ನು ದೇವರು ಕೋಲಿನಂತೆ ಕೈಗೆ ತೆಗೆದುಕೊಂಡು, ತನ್ನನ್ನು ನಂಬಿದ ಜನರನ್ನೇ ಹೊಡೆದ ಎಂದು ಪ್ರವಾದಿಗಳು ಹೇಳುತ್ತಾರಲ್ಲ. ಹೊಡೆಸಿಕೊಂಡವರಿಗಿಂತ ಕೋಲೇ ಕೊಳಕಾಗಿದ್ದರೆ ಅದು ಯಾವ ನ್ಯಾಯ?” ಎಂದು ಇಸ್ರೇಲಪ್ಪ ಕೇಳಿದ.

ಕೇಳಿದ್ದು ತನ್ನ ಮನೆಯ ಜಗಲಿಯ ಮೇಲೆ ಕುಳಿತು. ಸುಮ್ಮನೆ ಹೊತ್ತು ಕಳೆಯಲು ಕೇಳಿದ ಮಾತಲ್ಲ ಅದು. ಹೊಳೆಯ ಆಚೆ ಪರದೇಶದ ದಂಡೊಂದು ಬಂದು ಇಳಿದು ಎಂಟು ದಿನವಾಗಿತ್ತು. ಅದು ಮುಂದಕ್ಕೂ ಹೋಗಿರಲಿಲ್ಲ, ಹಿಂದಕ್ಕೂ ಹೋಗಿರಲಿಲ್ಲ. ಯಾಕೆ ನಿಂತಿದೆ ಎಂದು ಯಾರಿಗೂ ತಿಳಿದಿರಲಿಲ್ಲ. ಹೊಳೆ ದಾಟಿದರೆ ಮೊದಲು ಸಿಗುವುದು ಇಸ್ರೇಲಪ್ಪನ ಹೊಲ. ಹೊಲ ದಾಟಿದರೆ ಅವನ ಮನೆ.

ಪಕ್ಕದಲ್ಲಿ ಕುಳಿತಿದ್ದ ಯೋನಜ್ಜ ಆ ಊರಿನ ಕ್ರೈಸ್ತ ಸಭೆಗೆ ಉಪದೇಶಿ. ಓದು ಬರಹ ಬಾರದು. ಎತ್ತಿನ ವ್ಯಾಪಾರಿಗಳ ಹಿಂದೆ ಊರೂರು ತಿರುಗುತ್ತಾ ಸತ್ಯವೇದವನ್ನು ಕಿವಿಯಿಂದಲೇ ಕಲಿತವನು. ದಾರಿಯಲ್ಲಿ ವೇದದ ಜೊತೆಗೆ ಬೇರೆ ಏನೇನೋ ಅವನ ಕಿವಿಗೆ ಬಿದ್ದಿತ್ತು.

“ಇದನ್ನು ನನ್ನನ್ನೇ ಕೇಳಬೇಕು,” ಎಂದ ಅಜ್ಜ. “ಅಂಥ ಅರಸನೊಬ್ಬನ ಡೇರೆಗೆ ಗೂಟ ಬಡಿದದ್ದು ಇದೇ ಕೈ. ಒಂದೇ ಏಟಿಗೆ ಗೂಟ ಒಂದು ಮೊಳ ಇಳಿಯುತ್ತಿತ್ತು. ಅರಸನೇ ಬೆರಗಾಗಿ ಬೆನ್ನು ತಟ್ಟಿದ. ನಿಂತು ನೋಡಿದವರು ನೂರು ಜನ. ಪಾಪ, ಈಗ ಒಬ್ಬರೂ ಉಳಿದಿಲ್ಲ.”

ಇಸ್ರೇಲಪ್ಪನಿಗೆ ನಗು ಬರಲಿಲ್ಲ. ಅವನ ಕಣ್ಣು ಹೊಳೆಯ ಕಡೆಗಿತ್ತು. ಹಿತ್ತಿಲಿನಲ್ಲಿ ಯಾರೋ ಸೌದೆ ಒಡೆಯುತ್ತಿದ್ದರು. ಕೊಡಲಿಯ ಸದ್ದು ಒಂದೇ ಸಮನೆ ಬರುತ್ತಿತ್ತು.

“ಯಾರದು?” ಎಂದು ಅಜ್ಜ ಕೇಳಿದ.

“ಚೌರ.”

“ಸುಗ್ಗಿಯ ಹಬ್ಬದಲ್ಲಿ ಸಭೆಯ ಮುಂದೆ ನಿಲ್ಲಿಸಿ, ಇನ್ನು ಮೇಲೆ ಇವನು ನನ್ನ ಜೀತದವನಲ್ಲ ಅಂದೆಯಲ್ಲ, ಆ ಚೌರನೇ?”

“ಅವನೇ ಅಜ್ಜಾ. ಹೊಸ ಪಂಚೆ ಉಡಿಸಿ ಮುಂಬಾಗಿಲಿನಿಂದ ಕಳಿಸಿದೆ. ನೀವೇ ಪ್ರಾರ್ಥನೆ ಮಾಡಿದಿರಿ. ಸಂಜೆಗೆ ನೋಡಿದರೆ ಹಿತ್ತಿಲ ಬಾಗಿಲಲ್ಲಿ ನಿಂತಿದ್ದ. ಅವನಿಗೆ ಹೋಗಲು ಜಾಗ ಎಲ್ಲಿದೆ? ನಾನೇನು ಕರೆದೆನೇ?”

ಅಜ್ಜ ತಲೆಯಾಡಿಸಿದ. ಬಾಯಿಗೆ ಎಲೆ ಅಡಿಕೆ ಹಾಕಿಕೊಂಡು ಕತೆಗೆ ತೊಡಗಿದ.

ಒಂದು ಪಟ್ಟಣವಿತ್ತು. ಏಳು ವರ್ಷಕ್ಕೊಮ್ಮೆ ಆಳುಗಳನ್ನೆಲ್ಲ ಬಿಟ್ಟುಬಿಡಬೇಕು ಎಂದು ಆ ಪಟ್ಟಣಕ್ಕೆ ದೇವರ ಆಜ್ಞೆಯಿತ್ತು. ಆಳುಗಳ ಕಾಲಿಗೆ ಕಬ್ಬಿಣದ ಬಳೆ ಇರುತ್ತಿತ್ತು. ಬಿಡುಗಡೆಯ ಹಬ್ಬದ ದಿನ ಒಬ್ಬ ಕಮ್ಮಾರ ಹೆಬ್ಬಾಗಿಲಲ್ಲಿ ಕುಳಿತು ಆ ಬಳೆಗಳನ್ನು ಒಡೆಯುತ್ತಿದ್ದ. ಆಳುಗಳು ಒಬ್ಬೊಬ್ಬರಾಗಿ ಬಾಗಿಲು ದಾಟುತ್ತಿದ್ದರು. ಜನ ಹಾಡುತ್ತಿದ್ದರು. ಯಜಮಾನರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಹೋಗುವವರ ಕೈಗೆ ಹೂವು ಕೊಡುತ್ತಿದ್ದರು. ಬುತ್ತಿಯನ್ನು ಮಾತ್ರ ಯಾರೂ ಕಟ್ಟಿಕೊಡುತ್ತಿರಲಿಲ್ಲ.

ಹೊರಗೆ ಬರೀ ಬಯಲು. ಮರವಿಲ್ಲ, ನೀರಿಲ್ಲ. ಬಿಡುಗಡೆಯಾದವರು ಕೋಟೆಯ ಗೋಡೆ ಹಿಡಿದು ಸುತ್ತ ನಡೆಯುತ್ತಿದ್ದರು. ಹೊತ್ತು ಇಳಿಯುವಾಗ ಪಟ್ಟಣದ ಹಿಂದೆ ಒಂದು ಸಣ್ಣ ಬಾಗಿಲು ಸಿಗುತ್ತಿತ್ತು. ಒಳಗಿನಿಂದ ಅಡುಗೆಯ ವಾಸನೆ ಬರುತ್ತಿತ್ತು. ಬಗ್ಗಿ ಒಳಗೆ ಹೋದರೆ ಅದೇ ಕಮ್ಮಾರ, ಅದೇ ಸುತ್ತಿಗೆ, ಹೊಸ ಬಳೆ.

“ನಾವು ಬಿಟ್ಟೆವು, ಅವರಾಗಿಯೇ ಬಂದರು,” ಎಂದು ಪಟ್ಟಣದ ಹಿರಿಯರು ದೇವರಿಗೆ ಒಪ್ಪಿಸುತ್ತಿದ್ದರು. ದೇವರು ಏನೂ ಹೇಳುತ್ತಿರಲಿಲ್ಲ.

ಒಂದು ಸಲ ಒಬ್ಬಳು ಮುದುಕಿ ಹೊಸ ಬಳೆಗೆ ಕಾಲು ಚಾಚಿ ಕುಳಿತವಳು ಕಮ್ಮಾರನಿಗೆ ಹೇಳಿದಳು. “ಮೆಲ್ಲಗೆ ಬಡಿ ಮಗನೇ. ದೂರಕ್ಕೆ ಕೇಳಿಸುತ್ತದೆ.”

“ಕೇಳಿಸಲಿ ಬಿಡವ್ವಾ. ಈ ಬಯಲಲ್ಲಿ ಕೇಳಿಸಿಕೊಳ್ಳುವವರು ಯಾರಿದ್ದಾರೆ?” ಎಂದು ಕಮ್ಮಾರ ನಕ್ಕ. ಸುತ್ತಿಗೆ ಎತ್ತಿ ಬಡಿದ.

ನಲವತ್ತು ದಿನದ ದಾರಿಯ ಆಚೆ ಒಬ್ಬ ಅರಸ ಊಟಕ್ಕೆ ಕುಳಿತಿದ್ದ. ಎತ್ತಿದ ತುತ್ತನ್ನು ಹಾಗೇ ಕೆಳಗೆ ಇಟ್ಟ. “ಯಾರು ಬಡಿಯುತ್ತಿರುವುದು?” ಎಂದ. ಬಡಿಸುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಅವರಿಗೆ ಏನೂ ಕೇಳಿಸಿರಲಿಲ್ಲ.

ಅರಸ ಒಳ್ಳೆಯವನಲ್ಲ. ಅವನಿಗೆ ದೇವರಿಲ್ಲ, ದಯೆಯಿಲ್ಲ. ತನ್ನ ಊರಿನ ಕಮ್ಮಾರರನ್ನೆಲ್ಲ ಕೊಲ್ಲಿಸಿದ. ಸದ್ದು ನಿಲ್ಲಲಿಲ್ಲ. ವೈದ್ಯರು ಕಿವಿಗೆ ಬೆಚ್ಚನೆಯ ಎಣ್ಣೆ ಬಿಟ್ಟರು. ಎಣ್ಣೆಯ ಅಡಿಯಲ್ಲೂ ಸುತ್ತಿಗೆ ಬೀಳುತ್ತಿತ್ತು. ಕೊನೆಗೆ ಅವನು ಕುದುರೆ ಹತ್ತಿದ. ಮುಖ ಪಡುವಣಕ್ಕೆ ತಿರುಗಿಸಿದರೆ ಸದ್ದು ಬೆನ್ನ ಹಿಂದೆ. ಮೂಡಣಕ್ಕೆ ತಿರುಗಿಸಿದರೆ ಕಣ್ಣ ಮುಂದೆ. ಅವನು ಮೂಡಣಕ್ಕೆ ಹೊರಟ. ದಂಡು ಅವನ ಹಿಂದೆ ಹೊರಟಿತು.

ನಲವತ್ತು ದಿನ ಅರಸ ಕುದುರೆಯಿಂದ ಇಳಿಯಲಿಲ್ಲ. ಡೇರೆ ಹಾಕಿಸಲಿಲ್ಲ. ಕುದುರೆಯ ಮೇಲೆಯೇ ಉಂಡ, ಕುದುರೆಯ ಮೇಲೆಯೇ ಕಣ್ಣು ಮುಚ್ಚಿದ. ಅವನು ಕಣ್ಣು ಮುಚ್ಚಿದಾಗಲೂ ಕುದುರೆ ದಾರಿ ತಪ್ಪಲಿಲ್ಲ. ದಾರಿಯಲ್ಲಿ ಮೂರು ಶ್ರೀಮಂತ ಪಟ್ಟಣಗಳು ಸಿಕ್ಕವು. ಅಲ್ಲಿನ ಜನ ಹೆದರಿ ಚಿನ್ನದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತರು. ಅವನು ಕತ್ತು ತಿರುಗಿಸಿಯೂ ನೋಡಲಿಲ್ಲ. ಅವನ ಸೈನಿಕರು ದಾರಿಬದಿಯ ಹೊಲದಿಂದ ಒಂದು ತೆನೆಯನ್ನೂ ಮುರಿಯಲಿಲ್ಲ. ಅವರಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ದಂಡು ಆ ಪಟ್ಟಣ ಮುಟ್ಟಿದಾಗ ನಡುಹಗಲು. ಪಟ್ಟಣದ ನಾಯಿಗಳು ಬೊಗಳಲಿಲ್ಲ. ಸಾಲಾಗಿ ಹೆಬ್ಬಾಗಿಲಿಗೆ ಮುಖ ಮಾಡಿ ಕುಳಿತವು, ಮನೆಯ ಯಜಮಾನ ಬಂದಾಗ ಕುಳಿತುಕೊಳ್ಳುವಂತೆ.

ಹಿರಿಯರು ಗೋಡೆ ಹತ್ತಿ ಕೈ ಮುಗಿದರು. “ಪ್ರಭೂ, ನಿಮಗೂ ನಮಗೂ ಜಗಳವಿಲ್ಲ. ನಿಮ್ಮನ್ನು ಇಲ್ಲಿಗೆ ಕರೆದವರು ಯಾರು?”

“ಅದನ್ನು ಕೇಳಲಿಕ್ಕೇ ಬಂದೆ,” ಎಂದ ಅರಸ.

ಗೋಡೆ ಮೂರು ದಿನ ನಿಂತಿತು. ನಾಲ್ಕನೆಯ ದಿನ ಬಿತ್ತು. ಅರಸ ಅರಮನೆಗೆ ಹೋಗಲಿಲ್ಲ, ಬೊಕ್ಕಸಕ್ಕೂ ಹೋಗಲಿಲ್ಲ. ಯಾರೂ ದಾರಿ ತೋರಿಸದಿದ್ದರೂ ನೆಟ್ಟಗೆ ಹಿಂದಿನ ಸಣ್ಣ ಬಾಗಿಲಿಗೆ ಹೋದ. ಕಮ್ಮಾರ ಸುತ್ತಿಗೆ ಹಿಡಿದು ಕುಳಿತಿದ್ದ.

“ಬಡಿ,” ಎಂದ ಅರಸ.

ಕಮ್ಮಾರ ಒಂದು ಸಲ ಬಡಿದ.

“ಇದೇ,” ಎಂದ ಅರಸ. ಅವನ ಕಣ್ಣಲ್ಲಿ ನೀರು ಬಂತು. ಬಳೆ ತೊಟ್ಟವರೆಲ್ಲ ಅಲ್ಲೇ ಗೋಡೆಗೆ ಒರಗಿ ನಿಂತಿದ್ದರು. “ಇವರ ಬಳೆ ಒಡೆದು ಬಿಟ್ಟುಬಿಡಿ. ಬುತ್ತಿ ಕಟ್ಟಿಕೊಡಿ,” ಎಂದು ಹೇಳಿದ. ಯಾಕೆ ಹಾಗೆ ಹೇಳಿದೆ ಎಂದು ಅವನಿಗೇ ತಿಳಿಯಲಿಲ್ಲ. ಸೈನಿಕರು ಸರಿದು ದಾರಿ ಬಿಟ್ಟರು. ಮುದುಕಿ ಎಲ್ಲರಿಗಿಂತ ಮುಂದೆ ನಡೆದಳು, ಹಿಂತಿರುಗಿ ನೋಡಲಿಲ್ಲ.

ಆಮೇಲೆ ಅರಸ ಹೇಳಿದಂತೆ ಕಮ್ಮಾರ ಪಟ್ಟಣದ ಹಿರಿಯರಿಗೆ ಬಳೆ ತೊಡಿಸಿದ. ಯಜಮಾನರಿಗೆ ತೊಡಿಸಿದ. ಕೊನೆಗೆ ತನ್ನ ಕಾಲಿಗೆ ತಾನೇ ಬಡಿದುಕೊಂಡ. ಆ ಏಟಿನೊಂದಿಗೆ ಅರಸನ ಕಿವಿಯ ಸದ್ದು ನಿಂತಿತು.

ಅರಸ ಮೊದಲ ಸಲ ಕುದುರೆಯಿಂದ ಇಳಿದ. ಮೊದಲ ಸಲ ನಕ್ಕ. “ನನ್ನ ತೋಳಿನ ಬಲ ನೋಡಿದಿರಾ!” ಎಂದ. ಸೆರೆಯಾದವರನ್ನು ಅಟ್ಟಿಕೊಂಡು, ತಾನು ಬಂದ ದಾರಿಯಲ್ಲೇ ಹಿಂತಿರುಗಿದ. ಈಗ ಆ ಮೂರು ಪಟ್ಟಣಗಳನ್ನೂ ಸುಟ್ಟ. ಅಲ್ಲಿ ಅವನಿಗೆ ಯಾವ ಸದ್ದೂ ಕೇಳಿಸಿರಲಿಲ್ಲ. ಆದರೂ ಸುಟ್ಟ, ಆ ಜನರಿಗೂ ಬಳೆ ತೊಡಿಸಲು ಕಮ್ಮಾರನಿಗೆ ಹೇಳಿದ. ಕಮ್ಮಾರ ಸುತ್ತಿಗೆ ಎತ್ತಿದವನು ತಡೆದು ನಿಂತ.

“ಪ್ರಭೂ, ಮೆಲ್ಲಗೆ ಬಡಿಯಲೇ? ದೂರಕ್ಕೆ ಕೇಳಿಸುತ್ತದೆ.”

“ಗಟ್ಟಿಯಾಗಿ ಬಡಿ,” ಎಂದ ಅರಸ.

ಕಮ್ಮಾರ ಗಟ್ಟಿಯಾಗಿ ಬಡಿದ. ಅಲ್ಲಿಂದ ನಲವತ್ತು ದಿನದ ದಾರಿಯ ಆಚೆ ಇನ್ನೊಬ್ಬ ಅರಸ ಎತ್ತಿದ ತುತ್ತನ್ನು ಕೆಳಗೆ ಇಟ್ಟ.

ಯೋನಜ್ಜ ಅಂಗಳಕ್ಕೆ ಉಗಿದು ಬಾಯಿ ಒರೆಸಿಕೊಂಡ. ಕತೆ ಮುಗಿದಿತ್ತು.

ಇಸ್ರೇಲಪ್ಪ ಹಿತ್ತಿಲ ಕಡೆಗೊಮ್ಮೆ, ಹೊಳೆಯ ಕಡೆಗೊಮ್ಮೆ ನೋಡಿದ. ಕತೆಯನ್ನು ಕೊಡವಿಕೊಳ್ಳಲು ಏನಾದರೂ ಬೇಕಿತ್ತು. ಹುಡುಕಿದ, ಸಿಕ್ಕಿತು.

“ಅಜ್ಜಾ, ಸಿಕ್ಕಿಬಿದ್ದಿರಿ!” ಎಂದು ಜೋರಾಗಿ ನಕ್ಕ. “ಅರಸನ ಡೇರೆಗೆ ಗೂಟ ಬಡಿದೆ ಅಂದಿರಿ. ಕತೆಯಲ್ಲಿ ನೋಡಿದರೆ ಅರಸ ಡೇರೆಯನ್ನೇ ಹಾಕಿಸಲಿಲ್ಲ. ಗೂಟ ಎಲ್ಲಿಗೆ ಬಡಿದಿರಿ? ಇಂಥ ಸುಳ್ಳನ್ನು ಸಭೆಯ ಹಿರಿಯರು ಹೇಳಬಹುದೇ?”

ಯೋನಜ್ಜ ಹೋಗಲಿ ಬಿಡು ಎಂಬಂತೆ ಕೈ ತಿರುವಿದ.

ಹಿತ್ತಿಲಿನಲ್ಲಿ ಕೊಡಲಿ ಬಿತ್ತು. ಹೊಳೆಯ ಆಚೆ ಒಂದು ಕುದುರೆ ಕೆನೆಯಿತು. ಇನ್ನೊಮ್ಮೆ ಕೊಡಲಿ ಬಿತ್ತು. ಇನ್ನೊಮ್ಮೆ ಕುದುರೆ ಕೆನೆಯಿತು. ಇಸ್ರೇಲಪ್ಪನ ನಗು ಅರ್ಧಕ್ಕೇ ನಿಂತಿತು.

“ಡೇರೆ ಸುಳ್ಳೇ ಅನ್ನು,” ಎಂದ ಅಜ್ಜ. “ಚೌರನಿಗೆ ಬುತ್ತಿ ಕಟ್ಟಿಕೊಟ್ಟಿದ್ದೆಯಾ?”